ಎರಡು ಮೂತಿ, ಒಂದೇ ಗೋಡೆ

೧೯೨೩ನೇ ಇಸವಿಯಲ್ಲಿ ನಾನು ಶಾಲೆ ಬಿಟ್ಟೆ. ಕನ್ನಡ ನಾಲ್ಕನೇ ಇಯತ್ತೆ ಮುಗಿದಿತ್ತು. ಐದನೆಯದರ ಪುಸ್ತಕ ಕೈಗೆ ಬರುವ ಮೊದಲೇ ಕೈಗೆ ಅರಳೆ ಬಂತು. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ನಾವು ಪಿಂಜಾರರು, ಉಣಕಲ್ಲಿನಲ್ಲಿ ನಮ್ಮ ಮನೆ. ಅಪ್ಪ ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ, ಜನರ ಹಳೇ ಗಾದಿಯ ಅರಳೆ ಹಿಂಜಿ ಕೊಡುತ್ತಿದ್ದ. ಬಿಲ್ಲಿನ ನರದ ತಂತಿಯನ್ನು ಕಟ್ಟಿಗೆಯ ಗುಂಡಿನಿಂದ ಮೀಟಿದರೆ ಗಂಟುಗಟ್ಟಿದ ಅರಳೆ ಬಿಚ್ಚಿಕೊಂಡು ಮೋಡದ ಹಾಗೆ ಏಳುತ್ತದೆ. ಅಪ್ಪನ ಪಕ್ಕದಲ್ಲಿ ಕೂತು ಹತ್ತು ವರ್ಷ ಹಿಂಜಿದೆ. ನಾನು ಹಿಂಜಿದ ಗಾದಿಯ ಮೇಲೆ ಮಲಗಿದವರು ಯಾರೂ ಬೆನ್ನು ನೋವೆಂದು ಹೇಳಿದ್ದಿಲ್ಲ.

ಆಮೇಲೆ ಹುಬ್ಬಳ್ಳಿಯ ಒಂದು ಜಿನ್ನಿಗೆ ಸೇರಿದೆ. ಹತ್ತಿಯಿಂದ ಕಾಳು ಬೇರೆ ಮಾಡಿ, ಅರಳೆಯನ್ನು ಒತ್ತಿ ಬೇಲು ಕಟ್ಟುವ ಕಾರ್ಖಾನೆ ಅದು. ಸುಗ್ಗಿಯಲ್ಲಿ ಹತ್ತಿಯ ಬಂಡಿಗಳು ಗೇಟಿನಿಂದ ಹೊರಗೆ ರಸ್ತೆಯುದ್ದಕ್ಕೂ ಸಾಲು ನಿಲ್ಲುತ್ತಿದ್ದವು. ದಿನಾ ಉಣಕಲ್ಲಿನಿಂದ ನಡೆದು ಹೋಗಿ ನಡೆದು ಬರುತ್ತಿದ್ದೆ, ಒಂದು ದಿನವೂ ತಡವಾದದ್ದಿಲ್ಲ.

ಅರಳೆಗೆ ಕಿಡಿ ಬಿದ್ದರೆ ಏನಾಗುತ್ತದೆ ಎನ್ನುವುದು ಕಂಡವರಿಗೇ ಗೊತ್ತು. ಬೆಂಕಿ ರಾಶಿಯ ಮೇಲೆ ಇಲಿಯ ಹಾಗೆ ಓಡುತ್ತದೆ. ಈ ತುದಿಯಲ್ಲಿ ನೋಡುವಷ್ಟರಲ್ಲಿ ಆ ತುದಿಯಲ್ಲಿರುತ್ತದೆ. ಆರಿತು ಅಂದುಕೊಂಡರೆ ಒಳಗೆ ಹೊಕ್ಕು ಅಡಗಿ ಕೂತಿರುತ್ತದೆ. ಅದಕ್ಕೇ ಜಿನ್ನಿನ ಬಾವಿಯ ಹತ್ತಿರ ಒಂದು ಕೈಪಂಪು, ಒಂದು ಕ್ಯಾನ್ವಾಸಿನ ಪೈಪು ಸದಾ ಸಿದ್ಧ ಇಟ್ಟಿದ್ದರು. ಪೈಪಿನ ತುದಿಯ ಹಿತ್ತಾಳೆಯ ನಳಿಗೆಗೆ ನಾವು ಮೂತಿ ಎನ್ನುತ್ತಿದ್ದೆವು. ಎರಡು ವರ್ಷದಲ್ಲಿ ಆ ಮೂತಿ ನನ್ನ ಕೈಗೆ ಬಂತು. ಕೇಳಿ ಪಡೆದದ್ದಲ್ಲ, ಬೆಂಕಿ ಕಂಡಾಗ ಉಳಿದವರು ಹಿಂದೆ ಸರಿದರು, ನಾನು ಸರಿಯಲಿಲ್ಲ, ಅಷ್ಟೆ.

ಮೂರನೇ ವರ್ಷ ಮುಂಬಯಿಯಿಂದ ಎಂಜಿನ್ ಪಂಪು ಬಂತು. ಎರಡು ಗಾಲಿ, ಕೆಂಪು ಬಣ್ಣ, ಹೊಟ್ಟೆಯ ಎಡಕ್ಕೊಂದು ಬಲಕ್ಕೊಂದು ಬಾಯಿ. ಒಂದೇ ಪಂಪಿನಿಂದ ಎರಡು ಪೈಪು ಓಡಿಸಬಹುದು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಮ್ಯಾನೇಜರ್ ಸಾಹೇಬರು ಕಪಾಟಿನಲ್ಲಿಟ್ಟು ಬೀಗ ಹಾಕಿದರು, ಕಳೆದೀತು ಅಂತ.

ಎಡಗಡೆಯ ಪೈಪು ನನಗೆ ಕೊಟ್ಟರು. ಬಲಗಡೆಯದು ಬೇಲು ಹೊರುವ ಹಮಾಲರ ಮುಖಂಡನಿಗೆ. ಅವನು ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಹಣೆ ತುಂಬ ವಿಭೂತಿ, ಅದರ ಕೆಳಗೆ ಪೇಟೆಯಲ್ಲೆಲ್ಲ ಹೆಸರಾದ ಮೀಸೆ. ಅವನ ಹೆಂಡತಿಯ ತವರು ನಮ್ಮ ಉಣಕಲ್ಲು. ಊರ ಸಂಬಂಧದಲ್ಲಿ ಆಕೆ ನನಗೆ ಅಕ್ಕ, ಅವನು ಮಾವ, ನಾನು ಅವನಿಗೆ ಅಳಿಯ. ಜಾತಿ ಯಾವುದಾದರೇನು, ಚೇಷ್ಟೆ ಮಾಡುವುದಕ್ಕೆ ಅಷ್ಟು ನಂಟು ಸಾಕಿತ್ತು.

ಮೊದಲ ರವಿವಾರ ಪಂಪಿಗೆ ಎತ್ತು ಕಟ್ಟಿ ಉಣಕಲ್ ಕೆರೆಗೆ ಒಯ್ದೆವು, ನೀರಿಗೆ ಬರವಿಲ್ಲವೆಂದು. ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಜಿನ್ನಿನ ಯಂತ್ರ ನೋಡಿಕೊಳ್ಳುವ ಮಿಸ್ತ್ರಿ ಎಂಜಿನ್ ಹಚ್ಚಿದ. ಎರಡೂ ಮೂತಿಗಳಿಂದ ನೀರು ಚಿಮ್ಮಿತು. ನಾನೊಂದು ಹುಣಸೆಮರದ ತುದಿಗೆ ಹೊಡೆದೆ, ಮಾವ ಅದಕ್ಕಿಂತ ಮೇಲೆ ಹೊಡೆದ. ಅಷ್ಟರಲ್ಲಿ ನನ್ನ ಕಣ್ಣಿಗೆ ನೀರು ಸಿಡಿಯಿತು. ಒರೆಸಿಕೊಳ್ಳೋಣವೆಂದು ಮೂತಿಯ ಚಾವಿಯನ್ನು ಪಟ್ಟನೆ ತಿರುಗಿಸಿ ನೀರು ಬಂದ್ ಮಾಡಿದೆ. ನನ್ನ ಪೈಪಿನ ನೀರಿಗೂ ಮಾವನ ಪೈಪೇ ದಾರಿಯಾಯಿತು. ಅವನ ಮೂತಿ ಹೆಡೆ ಎತ್ತಿದ ಹಾಗೆ ಎದ್ದು, ಅಷ್ಟು ದೊಡ್ಡ ಆಳನ್ನು ಎತ್ತಿ ಕೆಸರಿನಲ್ಲಿ ಕೂರಿಸಿತು.

“ಲೇ ಅಳಿಯಾ! ನಾ ಹೆಣ್ಣ ತಂದ ಊರಾಗ ನನ್ನ ಕೆಸರಾಗ ಕೆಡವತಿಯೇನಲೇ?”

“ನಾ ಏನೂ ಮಾಡಿಲ್ಲ ಮಾವಾ, ಕಣ್ಣ ಒರಸಿಕೊಂಡೆ.”

“ನೀ ಕಣ್ಣ ಒರಸಿಕೊಂಡ್ರ ಮಂದಿ ಬೀಳತಾರೇನು? ಯಾವ ಪೀರನ ವರ ಐತೋ ನಿನಗ?”

ದಂಡೆಯಿಂದ ಒಬ್ಬ ಮುದುಕಿ ಕೂಗಿದಳು: “ಅಳಿಯಂದ್ರ, ಇನ್ನೊಮ್ಮಿ ಬೀಳ್ರಿ! ನಮ್ಮ ಸೊಸಿ ನೋಡಲಿಲ್ಲಂತ!”

ಊರಿಗೆ ಅಳಿಯನಾದ ಮಾವ ಕೆಸರು ಕೊಡವಿಕೊಂಡು ಎದ್ದ. ಆ ವಾರವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ನಾನು ಬೇಕೆಂತಲೇ ಹಾಗೆ ಮಾಡಿದೆನೆಂದು ಅವನ ಲೆಕ್ಕ. ಹಾಗಾಗಿ ಜಿನ್ನಿನ ಅಂಗಳದಲ್ಲಿ ಮ್ಯಾನೇಜರ್ ಸಾಹೇಬರ ಎದುರು ನಮ್ಮ ಪರೀಕ್ಷೆ ಆಗುವ ದಿನ ಇಬ್ಬರೂ ಸೊಕ್ಕಿನಲ್ಲೇ ಬಂದೆವು.

ಅಂಗಳದ ನಡುವೆ ಕಸದ ಅರಳೆಯ ರಾಶಿ ಹಾಕಿ ಬೆಂಕಿ ಹಚ್ಚಿದ್ದರು. ಕುಸ್ತಿಯ ಕಣದಲ್ಲಿ ಜಟ್ಟಿಗಳು ನಿಂತ ಹಾಗೆ ನಾನು ಈ ಕಡೆ, ಮಾವ ಆ ಕಡೆ, ನಡುವೆ ಬೆಂಕಿ. ಹೀಗೆ ನಿಲ್ಲಿರಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಇಬ್ಬರು ಗಂಡಸರು ಒಂದು ಕೆಲಸಕ್ಕೆ ನಿಂತರೆ ಎದುರುಬದುರು ನಿಲ್ಲುವುದೇ ಶೋಭೆ ಎಂದು ಇಬ್ಬರ ತಲೆಯಲ್ಲೂ ಇತ್ತು. ಹಮಾಲರು ಅವನ ಹಿಂದೆ ನಿಂತು ಸೀಟಿ ಹೊಡೆದರು. ನಮ್ಮ ಜಿನ್ನಿನ ಹುಡುಗರು ನನ್ನ ಹಿಂದೆ ನಿಂತು “ಬಿಡಬ್ಯಾಡ್ರಿ!” ಅಂದರು. ಇಬ್ಬರೂ ಪೂರ್ತಿ ಚಾವಿ ತೆರೆದೆವು.

ನನ್ನ ನೀರು ರಾಶಿಗೆ ಬಡಿದು, ಉರಿಯುವ ಅರಳೆಯನ್ನು ಎತ್ತಿ ಎತ್ತಿ ಮಾವನ ಮೇಲೆ ಎಸೆಯಿತು. ಅವನ ನೀರು ಉಳಿದದ್ದನ್ನು ನನ್ನ ಮೇಲೆ ಎಸೆಯಿತು. ನಡುವೆ ಹೊಗೆ, ಮುಖ ಬೇಯಿಸುವಂಥ ಹಬೆ. ನನಗೆ ಅವನು ಕಾಣಲಿಲ್ಲ, ಅವನಿಗೆ ನಾನು ಕಾಣಲಿಲ್ಲ. ಇಬ್ಬರೂ ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ, ಅದು ಬೇರೆ. ಮಿಸ್ತ್ರಿಯೇ ಹೆದರಿ ಎಂಜಿನ್ ನಿಲ್ಲಿಸಿದ. ಹೊಗೆ ಹರಿದಾಗ ಮಾವನ ಎಡಗಡೆಯ ಮೀಸೆ ಇರಲಿಲ್ಲ. ನನ್ನ ಎರಡೂ ಹುಬ್ಬು ಇರಲಿಲ್ಲ. ಕಸದ ರಾಶಿ ಮಾತ್ರ ಇನ್ನೂ ಹೊಗೆಯಾಡುತ್ತಿತ್ತು.

ಕಾಳು ಆರಿಸುವ ಹೆಂಗಸರು ನಕ್ಕು ನಕ್ಕು ನೆಲಕ್ಕೆ ಕೂತರು. ಮ್ಯಾನೇಜರ್ ಸಾಹೇಬರು ನಗಲಿಲ್ಲ.

“ನೀವು ಬೆಂಕಿ ಆರಸಾಕ ಬಂದೀರೋ, ಒಬ್ಬರನೊಬ್ಬರು ಸುಡಾಕ ಬಂದೀರೋ? ಇನ್ನ ಹದಿನೈದು ದಿವಸಕ್ಕ ವಿಮಾ ಕಂಪನಿ ಸಾಹೇಬರು ನೋಡಾಕ ಬರಾಕತ್ತಾರ. ಅಷ್ಟರಾಗ ಎರಡು ಪೈಪು ಸರಿಯಾಗಿ ಓಡಿಸಿದ್ರ ಛಲೋ. ಇಲ್ಲಾಂದ್ರ ಮುಂಬಯಿಯಿಂದ ಕಲತ ಮಂದೀನ್ನ ತರಸತೇನಿ. ನೀವು ಇಬ್ಬರೂ ಬೇಲ್ ಹೊರ್ರಿ.” ಹೋಗುವಾಗ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹಾಕಿದರು: “ನೀ ನಾಕು ಅಕ್ಷರ ಹೆಚ್ಚಿಗಿ ಓದಿದ್ರ ಆ ಪುಸ್ತಕ ನಿನ್ನ ಕೈಯಾಗ ಕೊಡಬಹುದಿತ್ತು ನೋಡು.”

ಬೇಲು ಹೊರುವುದಕ್ಕೆ ನಾನು ಹೆದರುವವನಲ್ಲ. ಆದರೆ ನನ್ನ ಮೂತಿಯನ್ನು ಇನ್ನೊಬ್ಬ ಹಿಡಿದು ನಿಂತಿರುವುದನ್ನು ಬೇಲಿನ ಕೆಳಗಿಂದ ನೋಡುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಅಂದು ಉಣಕಲ್ಲಿನ ದಾರಿ ಮೂರು ಪಟ್ಟು ಉದ್ದವಾಯಿತು.

ಅಪ್ಪ ಪಡಸಾಲೆಯಲ್ಲಿ ಕೂತು ಯಾರದೋ ಮದುವೆಯ ಗಾದಿಗೆ ಅರಳೆ ಹಿಂಜುತ್ತಿದ್ದ. ನನ್ನ ಮುಖ ನೋಡಿ ಬಿಲ್ಲು ಕೆಳಗಿಟ್ಟ.

“ತಮ್ಮಾ, ಹುಬ್ಬು ಎಲ್ಲಿ ಬಿಟ್ಟು ಬಂದಿ?”

ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡು, ಹಲ್ಲಿಲ್ಲದ ಬಾಯಿ ತೆರೆದು ಸಾಕಾಗುವಷ್ಟು ನಕ್ಕ. ನನಗೆ ಸಿಟ್ಟು ಬಂತು.

“ನಗಬ್ಯಾಡಪ್ಪಾ. ಓದಿದಾಂವ ಅಲ್ಲ ಅಂದ್ರು ಸಾಹೇಬ್ರು.”

“ಓದೂದು ಹಾಳಾಗಲಿ. ನೀ ಹಿಂಜೂದರ ಕಲತಿಯಿಲ್ಲೋ? ಒಂದ ಪಡಸಾಲ್ಯಾಗ ಎರಡು ಬಿಲ್ಲು ಎದುರಾಬದರ ಕುಂದ್ರತಾವೇನೋ? ಹೋಗು, ನಿನ್ನ ಬಿಲ್ಲ ತಗೊಂಡು ಬಾ. ನನ್ನ ಎದುರಿಗಿ ಕುಂದ್ರು.”

ಅಟ್ಟದ ಮೇಲಿಂದ ಬಿಲ್ಲು ಇಳಿಸಿ ತಂದು ಎದುರಿಗೆ ಕೂತೆ. ಇಬ್ಬರೂ ಮೀಟಿದೆವು. ನಾಲ್ಕು ಏಟಿಗೆ ನನ್ನ ಬಾಯಿ ಮೂಗೆಲ್ಲ ಅವನ ಅರಳೆ, ಅವನ ಗಡ್ಡದ ತುಂಬ ನನ್ನದು. ಅಪ್ಪ ಕೆಮ್ಮುತ್ತ ಎದ್ದು ಬಂದು ನನ್ನ ಪಕ್ಕಕ್ಕೆ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತ. ಮತ್ತೆ ಮೀಟಿದೆವು. ಎರಡೂ ಬಿಲ್ಲಿನ ಅರಳೆ ಎದುರಿನ ಮೂಲೆಗೆ ಹಾರಿ ಹೋಗಿ ಒಂದೇ ಗುಡ್ಡೆಯಾಗಿ ಕೂತಿತು. ಬಾಗಿಲು ನಮ್ಮ ಮಗ್ಗುಲಿಗಿತ್ತು. ಬೇಕೆಂದಾಗ ಎದ್ದು ಹೊರಗೆ ಹೋಗಬಹುದಾಗಿತ್ತು.

ಹತ್ತು ವರ್ಷ ಹಾಗೇ ಕೂತು ಹಿಂಜಿದವನು ನಾನು. ಒಂದೇ ಗೋಡೆಗೆ ಯಾಕೆ ಕೂರುತ್ತೇವೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

“ಇನ್ನೊಂದು,” ಅಂದ ಅಪ್ಪ. “ಬಿಲ್ಲ ಎತ್ತೂಮುಂದ ಏನಂತೀವಿ?”

“ಎತ್ತತೇನಿ ಅಂತೀವಿ.”

“ಯಾಕ?”

“ಬಾಜೂದಾಂವನ ತಂತಿಗಿ ಬಡೀಬಾರದಂತ.”

“ಮತ್ತ ಆ ಮೀಸಿ ಸಾವಕಾರಗ ಹೇಳದ ನೀರು ಯಾಕ ಬಂದ್ ಮಾಡಿದಿ? ಬಿಡಿ ಅರಳೀಗಿ ಎದಿಗಿ ಗುದ್ದಬಾರದು, ಅಂಚಿಗಿ ಮೀಟಬೇಕು ಅಂತ ನಾ ಎಷ್ಟ ಸಲ ಬೈದೇನಿ? ನೀರಿಗೇನು ಬ್ಯಾರೆ ಕಾಯ್ದೆ ಐತೇನು?”

ಮರುದಿನ ಮಾವನ ಮುಂದೆ ಹೋಗಿ ನಿಂತೆ. ಅವನು ಉಳಿದರ್ಧ ಮೀಸೆಯನ್ನು ಬೋಳಿಸಿರಲಿಲ್ಲ. ಬೋಳಿಸಿದರೆ ಸೋತಂತೆ ಎಂದು ಅವನ ಹಟ. ವಿಷಯ ಹೇಳಿದೆ.

“ನಿನ್ನ ಬಾಜೂಕ ನಾ ನಿಂದ್ರೂದಾ? ಮಂದಿ ಅಳಿಯನ ಬಾಲ ಹಿಡದಾನ ಅಂತಾರ.”

“ನನ್ನ ಬಾಲ ಬ್ಯಾಡ ಮಾವಾ, ನಿನ್ನ ಮೀಸಿ ಹಿಡಕೋ. ಅರ್ಧರ ಉಳದೈತಿ.”

 ಅವನ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. ನಗು ಮುಗಿಸಿ, “ಆತು, ಬರತೇನಿ. ಖರೇ ಹೇಳು, ಅವತ್ತ ಬೇಕಂತ ಕೆಡವಿದ್ದಲ್ಲ ಹೌದಿಲ್ಲೋ?” ಅಂದ. ಅಲ್ಲವೆಂದು ತಲೆಯ ಮೇಲೆ ಕೈಯಿಟ್ಟು ಹೇಳಿದ ಮೇಲೆ ಹಮಾಲರೆಲ್ಲ ನಮ್ಮ ಕಡೆ ಆದರು.

ಎರಡು ರವಿವಾರ ಕೆರೆಯ ದಂಡೆಯಲ್ಲಿ ಬೆವರು ಸುರಿಸಿದೆವು. ಏರಿಗೆ ಬೆನ್ನು ಕೊಟ್ಟು ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಲ್ಲುವುದು. ಪೈಪುಗಳನ್ನು ಒಂದರ ಮೇಲೊಂದು ಹಾಯದ ಹಾಗೆ ಹಾಸುವುದು. ಎರಡೂ ಪೈಪು ಒಂದೇ ಬೂದಿ ಬಣ್ಣ. ನಾವು ಎಡದ್ದು ಬಂದ್ ಮಾಡು ಅಂದರೆ ಮಿಸ್ತ್ರಿ ಬಲದ್ದು ಬಂದ್ ಮಾಡುತ್ತಿದ್ದ. ನನ್ನ ಹೆಂಡತಿ ತನ್ನ ಹಳೇ ಸೀರೆಯ ಕೆಂಪು ಸೆರಗು ಹರಿದು ಕೊಟ್ಟಳು, ಮಾವನ ಮನೆಯಿಂದ ಅಕ್ಕ ನೀಲಿಯ ಚೂರು ಕಳಿಸಿದಳು. ಹತ್ತು ಹತ್ತು ಮಾರಿಗೆ ಒಂದೊಂದು ತುಂಡು ಕಟ್ಟಿದೆವು. ಪಂಪಿನ ಬಾಯಿಗೂ ಕಟ್ಟಿದೆವು. ನನ್ನದು ಕೆಂಪು, ಅವನದು ನೀಲಿ. “ಕೆಂಪು ಬಂದ್ ಮಾಡತೇನಿ!” ಎಂದು ನಾನು ಕೂಗುವುದು, “ಮಾಡು!” ಎಂದು ಮಾವ ಕಾಲು ಗಟ್ಟಿ ಮಾಡಿಕೊಂಡು ಕೂಗುವುದು, ಮಿಸ್ತ್ರಿ ಎಂಜಿನ್ನಿನ ಜೋರು ಇಳಿಸಿ ಕೈ ಎತ್ತುವುದು, ಆಮೇಲೆ ಮೆಲ್ಲಗೆ ಚಾವಿ ತಿರುಗಿಸುವುದು. ಪ್ರತಿ ಮೂತಿಯ ಹಿಂದೆ ಇನ್ನಿಬ್ಬರು ಪೈಪನ್ನು ಸೊಂಟಕ್ಕೆ ಒತ್ತಿ ಹಿಡಿಯುವುದು. ಒಗೆಯುವ ಹೆಂಗಸರಿಗೆ ನಮ್ಮ ಕೂಗು ಬಾಯಿಪಾಠವಾಯಿತು. ನಮಗಿಂತ ಮೊದಲು ಅವರೇ “ಮಾಡು!” ಅನ್ನುತ್ತಿದ್ದರು.

ವಿಮಾ ಸಾಹೇಬರು ಬಂದ ದಿನ ಬಿಸಿಲು ಚೆನ್ನಾಗಿತ್ತು. ಅವರು ಬೆತ್ತ ಹಿಡಿದ, ಕಡಿಮೆ ಮಾತಿನ ಮನುಷ್ಯ. ಮರಾಠಿಯಲ್ಲಿ ಒಂದೆರಡು ಮಾತು, ಮಿಕ್ಕದ್ದೆಲ್ಲ ಹುಬ್ಬಿನಲ್ಲಿ. ಅಂಗಳದ ನಡುವೆ ಹೋದ ಸಲಕ್ಕಿಂತ ದೊಡ್ಡ ರಾಶಿ. ನಾನೂ ಮಾವನೂ ಗೇಟಿಗೆ ಬೆನ್ನು ಮಾಡಿ ಅಕ್ಕಪಕ್ಕ ನಿಂತೆವು. ಕೆಂಪು ನೀಲಿ ತುಂಡುಗಳ ಎರಡು ಸಾಲು ನಮ್ಮ ಹಿಂದೆ ಪಂಪಿನತನಕ ನೆಟ್ಟಗೆ ಹೋಗಿತ್ತು. ಗೇಟಿನ ಬಳಿ ಅಪ್ಪ, ಹೆಗಲ ಮೇಲೆ ಬಿಲ್ಲು. ದಾರಿ ಮೇಲಿತ್ತು, ಹಾಗೇ ಬಂದೆ ಎಂದು ಆಮೇಲೆ ಹೇಳಿದ. ಆ ದಾರಿಯಲ್ಲಿ ಅವನಿಗೆ ಒಂದು ಗಿರಾಕಿಯ ಮನೆಯೂ ಇರಲಿಲ್ಲ.

ಬೆಂಕಿ ಎದ್ದಿತು. ನಾನು ಮೂತಿ ಮೇಲೆತ್ತಿ ನೀರನ್ನು ಮಳೆಯ ಹಾಗೆ ರಾಶಿಯ ಮೇಲೆ ಬೀಳಿಸಿದೆ. ಮಾವ ಅಂಚಿನಿಂದ ಸುತ್ತಿ ಬಂದ. ಅರಳೆ ಹಾರಲಿಲ್ಲ. ಎಲ್ಲ ಗಾದಿ ಹೊಲಿದ ಹಾಗೆ ನಡೆದಿತ್ತು.

ಅಷ್ಟರಲ್ಲಿ ಗಾಳಿ ತಿರುಗಿತು. ರಾಶಿಯಿಂದ ಒಂದು ಉರಿಯುವ ಚೂರು ಎದ್ದು, ತೂಗುವುದಕ್ಕೆಂದು ಗೋಡೆಯ ಬಳಿ ನಿಂತಿದ್ದ ಒಬ್ಬ ರೈತನ ಬಂಡಿಯ ಮೇಲೆ ಕೂತಿತು. ಬಂಡಿಯ ತುಂಬ ಹತ್ತಿ. ಎತ್ತು ಬಿಚ್ಚಿದ್ದರು, ಅದು ಪುಣ್ಯ. ಬಂಡಿಯ ಮೇಲೆ ಬೆಂಕಿ ಇಲಿಯಂತೆ ಓಡಿತು. ರೈತ ತಲೆಯ ರುಮಾಲು ಬಿಚ್ಚಿ ಬಡಿಯುತ್ತ “ನನ್ನ ಬಂಡಿ! ನನ್ನ ಬಂಡಿ!” ಎಂದು ಕೂಗಿದ.

ಈಗ ಖರೇ ಹೇಳುತ್ತೇನೆ. ಅಂಗಳದ ಕಣ್ಣೆಲ್ಲ ಬಂಡಿಯ ಮೇಲಿತ್ತು, ವಿಮಾ ಸಾಹೇಬರದೂ ಅಲ್ಲೇ ಇತ್ತು. ಬಂಡಿಗೆ ಮೊದಲು ನೀರು ಹೊಡೆದವನ ಹೆಸರು ಉಳಿಯುವುದಿತ್ತು. ನನ್ನ ಕಾಲು ತಾನಾಗಿಯೇ ಆ ಕಡೆ ಒಂದು ಹೆಜ್ಜೆ ಇಟ್ಟಿತು. ಆದರೆ ಬಂಡಿಗೆ ಹತ್ತಿರದ ಪೈಪು ನೀಲಿ. ಕೆಂಪು ಹೋಗಬೇಕೆಂದರೆ ನೀಲಿಯ ಮೇಲೆ ಹಾದು ಹೋಗಬೇಕು. ಇಬ್ಬರೂ ಹೋದರೆ ರಾಶಿಯ ಬೆಂಕಿ ನಮ್ಮ ಬೆನ್ನಿಗೆ. ಹೇಳದೆ ಮೂತಿ ಬಂದ್ ಮಾಡಿ ಓಡಿದರೆ ಮಾವ ಮತ್ತೆ ನೆಲಕ್ಕೆ, ಈ ಸಲ ಕೆಸರಿಗಲ್ಲ.

“ನೀಲಿ ಹೋಗತೈತಿ! ಕೆಂಪು ಇಲ್ಲೇ ನಿಂದರತೈತಿ!” ಎಂದು ಗಂಟಲು ಹರಿಯುವಂತೆ ಕೂಗಿದೆ.

“ಬೆನ್ನ ಕಾಯಿ ಅಳಿಯಾ!”

“ನೀ ಹೋಗು ಮಾವಾ, ತಿರುಗಿ ನೋಡಬ್ಯಾಡ!”

ಮಾವ ತನ್ನ ಪೈಪಿನೊಡನೆ ಬಂಡಿಯತ್ತ ಸರಿದ. ಅವನ ಹಿಂದಿನ ಇಬ್ಬರು ಸೊಂಟಕ್ಕೆ ಪೈಪು ಒತ್ತಿಕೊಂಡು ಸರಿದರು. ನಾನು ಕಸದ ರಾಶಿಗೂ ಅವನ ಬೆನ್ನಿಗೂ ನಡುವೆ ನಿಂತು, ಯಾರೂ ನೋಡದ ಆ ಕಸಕ್ಕೆ ನೀರು ಸುರಿಯುತ್ತಾ ಉಳಿದೆ. ಎರಡು ಸಲ ಬೆಂಕಿಯ ಚೂರು ಅವನ ಕಡೆ ಎದ್ದಿತು, ಎರಡು ಸಲವೂ ಗಾಳಿಯಲ್ಲೇ ಹಿಡಿದು ಕೆಳಗೆ ಬೀಳಿಸಿದೆ. ಮಾವ ತಿರುಗಿ ನೋಡಲಿಲ್ಲ. ಒಮ್ಮೆಯೂ ನೋಡಲಿಲ್ಲ.

ಬಂಡಿಯ ಮೇಲಿನ ಹತ್ತಿ ಒಂದು ಬುಟ್ಟಿಯಷ್ಟು ಕರಿಯಾಯಿತು, ಬಾಕಿ ಎಲ್ಲ ಉಳಿಯಿತು. ರೈತ ಓಡಿ ಬಂದು ಮಾವನನ್ನು ತಬ್ಬಿಕೊಂಡ. ಹಮಾಲರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಇನ್ನೂ ನನ್ನ ಕಸದ ಹತ್ತಿರವೇ ಇದ್ದೆ. ಒಳಗಿನ ಬೆಂಕಿ ಆರಿರಲಿಲ್ಲ, ಬಿಟ್ಟು ಹೋಗುವ ಹಾಗಿರಲಿಲ್ಲ. ಸಂಕಟವಾಗಲಿಲ್ಲವೆಂದರೆ ಸುಳ್ಳಾದೀತು.

ವಿಮಾ ಸಾಹೇಬರು ಬೆತ್ತ ಊರುತ್ತ ಬಂಡಿಯ ಕಡೆ ಹೋಗಲಿಲ್ಲ, ನನ್ನ ಕಡೆ ಬಂದರು. ಒಬ್ಬ ಹೋಗಿ ಒಬ್ಬ ಇಲ್ಲೇ ನಿಂತದ್ದು ಯಾರ ಮಾತಿನಿಂದ ಎಂದು ಮರಾಠಿಯಲ್ಲಿ ಕೇಳಿದರು. ನಾನೇ ಕೂಗಿದೆ ಅಂದೆ. ಎಲ್ಲಿ ಕಲಿತೆ ಎಂದು ಕೇಳಿದರು. ಗೇಟಿನ ಬಳಿ ಬಿಲ್ಲು ಹೊತ್ತು ನಿಂತಿದ್ದ ಅಪ್ಪನನ್ನು ಬೆರಳು ಮಾಡಿ ತೋರಿಸಿದೆ. ಅವರ ಹುಬ್ಬು ಮೇಲೇರಿತು. ಮ್ಯಾನೇಜರ್ ಸಾಹೇಬರಿಗೆ ಏನೋ ಇಂಗ್ಲಿಷಿನಲ್ಲಿ ಹೇಳಿ ಹೋದರು.

“ಏನಂದ್ರುರೀ ಸಾಹೇಬ್ರು?” ಎಂದು ಮಿಸ್ತ್ರಿ ಕೇಳಿದ.

“ಮುಂಬಯಿ ಮಂದಿ ಬ್ಯಾಡ ಅಂದ್ರು,” ಅಂದರು ಮ್ಯಾನೇಜರ್ ಸಾಹೇಬರು. ಕಿಸೆಯಿಂದ ಹಿತ್ತಾಳೆಯ ಸೀಟಿ ತೆಗೆದು ನನ್ನ ಕೈಯಲ್ಲಿಟ್ಟರು. “ಇನ್ನ ಎರಡೂ ಪೈಪಿಗೆ ನೀನಾ ಹೇಳಾಂವ. ಗಂಟಲ ಹರಕೋಬ್ಯಾಡ, ಇದನ್ನ ಊದು.”

ಮಾವ ಹಮಾಲರ ಹೆಗಲಿನಿಂದ ಇಳಿದು ಬಂದು ಆ ಸೀಟಿಯನ್ನು ಕಸಿದು ತಾನೇ ಮೊದಲು ಊದಿದ. ಆಮೇಲೆ ಕೊಟ್ಟ. “ಮೊದಲಿನ ಊದು ಮಾವಂದು, ತಿಳೀತಾ?” ಸಂಜೆ ಆ ರೈತ ಎಲ್ಲರಿಗೂ ಮಿರ್ಚಿ, ಚುರುಮುರಿ ಕೊಡಿಸಿದ. ಅಪ್ಪ ಚುರುಮುರಿ ನೆನೆಸಿಕೊಂಡು ತಿನ್ನುತ್ತ ಒಂದೇ ಮಾತು ಹೇಳಿದ: “ಛಲೋ ಹಿಂಜಿದ್ರಿ.”

ಮ್ಯಾನೇಜರ್ ಸಾಹೇಬರು ಕೆಲಸ ಬಿಟ್ಟು ಊರಿಗೆ ಹೋಗುವಾಗ ಕಪಾಟಿನ ಬೀಗ ತೆಗೆದು ಆ ಇಂಗ್ಲಿಷ್ ಪುಸ್ತಕವನ್ನು ನನಗೆ ಕೊಟ್ಟರು. ನನ್ನ ಮಗಳು ಧಾರವಾಡದಲ್ಲಿ ಇಂಗ್ಲಿಷ್ ಕಲಿಯುತ್ತಾಳೆ. ಹೋದ ತಿಂಗಳು ರಜೆಗೆ ಬಂದಾಗ ಓದಿಸಿದೆ. ನಡುವಿನ ಒಂದು ಪುಟದಲ್ಲಿ ನಿಂತು, “ಅಪ್ಪಾ, ಇಲ್ಲಿ ಅಜ್ಜ ಹೇಳಿದ್ದನ್ನ ಬರದಾರ!” ಅಂದಳು. ಎರಡು ಪೈಪಿನವರು ಬೆಂಕಿಗೆ ಎದುರುಬದುರು ನಿಲ್ಲಬಾರದು ಎಂದು ಅದರಲ್ಲಿತ್ತು. ಚಿತ್ರವೂ ಇತ್ತು. ಚಿತ್ರದಲ್ಲಿ ಮಾತ್ರ ಯಾರಿಗೂ ಮೀಸೆ ಇರಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಸೀಟಿ ಒಂದು. ಪುಸ್ತಕ ಒಂದು. ಅಪ್ಪನ ಬಿಲ್ಲು ಒಂದು, ತಂತಿ ಮೊನ್ನೆ ಹೊಸದು ಹಾಕಿಸಿದೆ. ಎರಡು ಪೈಪು ಓಡಿಸಬಲ್ಲ ಜನ ಹದಿನಾಲ್ಕು, ಅವರ ಕೈ ಇಪ್ಪತ್ತೆಂಟು, ಎಲ್ಲ ನೆಟ್ಟಗಿವೆ. ಮಾವ ಒಬ್ಬ, ಮೀಸೆ ಪೂರ್ತಿ. ಹುಬ್ಬು ಎರಡು.